ಗಾರ್ಡ್ ಡಬ್ಬಿಯ ಅಕ್ಷರ

೧೦ ನವೆಂಬರ್ ೨೦೨೪, ಭಾನುವಾರ

ಈ ಉದ್ದ ಪುಸ್ತಕದ ಮೊದಲ ನಾಲ್ಕು ಹಾಳೆಗಳಲ್ಲಿ ಮೂವತ್ತೆಂಟು ಗೂಡ್ಸ್ ಡಬ್ಬಿಗಳ ಪಟ್ಟಿ ಇದೆ, ಇಸ್ಮಾಯಿಲಸಾಬನ ಕೈಬರಹದಲ್ಲಿ. ಕಾಗೆ ಕಾಲು ಗುಬ್ಬಿ ಕಾಲು. ಮೂವತ್ತು ವರ್ಷ ಗೂಡ್ಸ್ ಗಾಡಿಯ ಗಾರ್ಡ್ ಆಗಿದ್ದ ಮನುಷ್ಯನಿಗೆ ಒಂದು ಸಾಲು ನೆಟ್ಟಗೆ ಬರೆಯಲು ಬರಲಿಲ್ಲ. ಐದನೆಯ ಹಾಳೆಯಿಂದ ನಾನು ಬರೆಯುತ್ತೇನೆ. ಭಾನುವಾರ ಮಾತಿಗೆ ಯಾರೂ ಇಲ್ಲ. ಎಷ್ಟು ಭಾನುವಾರ ಅಂತ ಗೋಡೆಯ ಜೊತೆ ಮಾತಾಡುವುದು?

ಹನ್ನೊಂದು ವರ್ಷ, ರಿಟೈರ್ ಆಗುವ ಮುಂಚೆ ಡ್ಯೂಟಿ ಇಲ್ಲದ ಭಾನುವಾರ, ಆಮೇಲೆ ಪ್ರತಿ ಭಾನುವಾರ, ಅವನು ಮುಂಡರಗಿಯಿಂದ ಬಸ್ಸು ಹಿಡಿದು ಬೆಟಗೇರಿಗೆ, ಈ ನನ್ನ ಅಟ್ಟದ ಖೋಲಿಗೆ ಬರುತ್ತಿದ್ದ. ರೈಲೇ ಇಲ್ಲದ ಊರಲ್ಲಿ ಮನೆ ಕಟ್ಟಿಸಿದ ಗಾರ್ಡ್ ಎಂದು ನಾನು ನಗುತ್ತಿದ್ದೆ. ನೇಕಾರರು ಎಸೆದ ಹಳೇ ಲಾಳಿಗಳ ಕಟ್ಟಿಗೆಯಿಂದ ಅವನು ಡಬ್ಬಿ ಕಟ್ಟುತ್ತಿದ್ದ. ನಿಜವಾದದ್ದರ ಎಂಬತ್ತೇಳನೇ ಒಂದು ಪಾಲು, ಅಂಗೈಯಷ್ಟು ಉದ್ದ. ನಾನು ಬಣ್ಣ ಹೊಡೆದು ಅಕ್ಷರ ಬರೆಯುತ್ತಿದ್ದೆ. ರೈಲ್ವೆಯ ಹೆಸರು, ನಂಬರು, ಖಾಲಿ ತೂಕ, ಮುಂದಿನ ದುರಸ್ತಿಯ ತಾರೀಖು, ಎಲ್ಲ ಸಾಸಿವೆ ಕಾಳಿನಷ್ಟು ಅಕ್ಷರಗಳಲ್ಲಿ. ಗದಗಿನ ಗೂಡ್ಸ್ ಯಾರ್ಡಿನಲ್ಲಿ ನಿಜವಾದ ಡಬ್ಬಿಗಳಿಗೇ ಗುತ್ತಿಗೆಯ ಮೇಲೆ ನಂಬರು ಬರೆದ ಕೈ ಇದು. ನಮ್ಮಿಬ್ಬರ ಗುರುತಾದದ್ದೂ ಅಲ್ಲೇ.

ಈ ವರ್ಷ ಹೋಳಿ ಹುಣ್ಣಿಮೆಗೆ ಮುಂಚಿನ ಭಾನುವಾರ ನಾನು ಚಹಾ ತರಲು ಕೆಳಗೆ ಹೋಗಿದ್ದೆ. ತಿರುಗಿ ಬಂದರೆ, ಹಿಂದಿನ ದಿನವಷ್ಟೇ ಬರೆದು ಮುಗಿಸಿದ ಮೂವತ್ತೆಂಟನೆಯ ಡಬ್ಬಿಗೆ ಅವನು ಇಟ್ಟಿಗೆ ಪುಡಿ, ಕಂದೀಲಿನ ಮಸಿ ಕಲಸಿ ಒರೆಸುತ್ತಿದ್ದ. ನನ್ನ ಅಕ್ಷರದ ಮೇಲೆ.

"ಏನ ಮಾಡಾಕತ್ತಿ?" ಎಂದೆ.

"ವ್ಯಾಗನ್ ಅಂದ್ರ ಹೊಲಸ ಇರಬೇಕಪಾ. ಮೂವತ್ತ ವರ್ಷದಾಗ ಒಂದೂ ಸ್ವಚ್ಛ ವ್ಯಾಗನ್ ನೋಡಿಲ್ಲ ನಾನು" ಎಂದ. ನನ್ನ ಮುಖ ನೋಡದೆ ಹೇಳಿದ.

ಹನ್ನೊಂದು ವರ್ಷ ಮೂವತ್ತೇಳು ಡಬ್ಬಿ ಸ್ವಚ್ಛ ಇದ್ದಾಗ ಸುಮ್ಮನಿದ್ದವನಿಗೆ ಅವತ್ತೇ ಏನು ಹೊಳೆಯಿತೋ. ನನ್ನ ತಲೆ ಕೆಟ್ಟಿತು. "ಹಸರ ಝಂಡಾ ಅಲುಗ್ಯಾಡಿಸಿದ ಕೈ ನಿಂದು, ಅಕ್ಷರದ ಕಿಮ್ಮತ್ತು ನಿನಗೇನ ಗೊತ್ತು" ಎಂದೆ. ಮಾತು ಮನೆ ಕೆಡಿಸಿತು. ಮುಂದಿನ ವಾರ ಅವನ ಅಣ್ಣನ ಮಗ ಮಾಶಾಕ ಟೆಂಪೊ ತಂದ. ಅಣ್ಣತಮ್ಮಂದಿರು ಹೊಲ ಹಂಚಿಕೊಂಡ ಹಾಗೆ ಹತ್ತೊಂಬತ್ತು ಹತ್ತೊಂಬತ್ತು ಮಾಡಿಕೊಂಡೆವು. ಹೊಲಸು ಮಾಡಿದ್ದು ನನ್ನ ಪಾಲಿಗೇ ಬಂತು. ಕಾಗದ ಸುತ್ತಿ ಇಟ್ಟಿದ್ದೇನೆ, ಬಿಚ್ಚಿಲ್ಲ. ಗಾರ್ಡ್ ಕೂರುವ ಹಿಂದಿನ ಡಬ್ಬಿ ಮಾತ್ರ ಪಾಲಿಗೆ ಸಿಗಲಿಲ್ಲ. ಅಕ್ಷರ ಬರೆಯದೆ ಕೊಡುವುದಿಲ್ಲ ಎಂದು ನಾನೇ ಇಟ್ಟುಕೊಂಡೆ.

ಎಂಟು ತಿಂಗಳಾಯಿತು, ಬರೆದಿಲ್ಲ.

೧೪ ನವೆಂಬರ್, ಗುರುವಾರ

ಕಳಕಪ್ಪನ ಚಹಾದ ಅಂಗಡಿಯಲ್ಲಿ ಈಚೆಗೆ ಕೈ ಬಿಗಿಯಾಗಿದೆ. ಎಲ್ಲರಿಗೂ ಕಪ್ಪಿನ ತುಂಬ ಹಾಕುತ್ತಾನೆ, ನನಗೆ ಅರ್ಧ. ಇಪ್ಪತ್ತು ವರ್ಷದ ಗಿರಾಕಿ ನಾನು. "ಯಾಕೋ, ಹಾಲು ತುಟ್ಟಿ ಆತೇನು?" ಎಂದೆ. "ಅರ್ಧ ಕುಡೀರಿ, ಮತ್ತ ಅರ್ಧ ಹಾಕ್ತೀನಿ, ಬಿಸಿ ಇರತೈತಿ" ಎಂದ. ಜಾಣತನ ನೋಡು.

ಎದುರಿನ ಫ್ಲೆಕ್ಸ್ ಅಂಗಡಿಯವ ಒಂದು ಬೋರ್ಡು ಸೊಟ್ಟ ಛಾಪಿಸಿ, ಮಷೀನಿನದೇ ತಪ್ಪು ಎಂದು ಗಿರಾಕಿಯ ಜೊತೆ ವಾದಿಸುತ್ತಿದ್ದ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಈ ಓಣಿಯಲ್ಲಿ ಒಂದು ಕಾಲಕ್ಕೆ ನಾನು ಬರೆಯದ ಬೋರ್ಡಿರಲಿಲ್ಲ. ಈಗ ಒಂದೇ ಉಳಿದಿದೆ, ಬೀಗದ ರಿಪೇರಿಯವನದು. ಹೋಗುವಾಗ ಬರುವಾಗ ಅದನ್ನು ಓದಿಕೊಂಡು ಹೋಗುತ್ತೇನೆ.

೨೨ ನವೆಂಬರ್, ಶುಕ್ರವಾರ

ಮಾಶಾಕ ಬಂದಿದ್ದ. ಮೆಟ್ಟಿಲ ಮೇಲೇ ನಿಂತು ಹೇಳಿದ, ಒಳಗೆ ಬರಲಿಲ್ಲ.

"ಕಾಕಾ ಖಬರ ಹೇಳಿ ಕಳಿಸ್ಯಾನ. ಜನವರಿ ಮೂವತ್ತೊಂದಕ್ಕ ಅವ ರಿಟೈರ್ ಆಗಿ ಹತ್ತ ವರ್ಷ ಆಗತೈತಿ. ಅಷ್ಟರೊಳಗ ಗಾರ್ಡ್ ಡಬ್ಬಿ ಬೇಕಂತ. ಅಕ್ಷರ ಇದ್ರೂ ಆತು, ಇಲ್ಲದಿದ್ರೂ ಆತು."

"ಅಕ್ಷರ ಇಲ್ಲದ ಡಬ್ಬಿ ನನ್ನ ಮನಿಯಿಂದ ಹೊರಗ ಹೋಗೂದಿಲ್ಲ ಅಂತ ಹೇಳು" ಎಂದೆ.

"ಹೇಳ್ತೀನ್ರಿ. ಕಾಕಾಗ ನಿದ್ದಿ ಬರವಲ್ದು ನೋಡ್ರಿ. ಗಾಡಿಗೆ ಬಾಲ ಇಲ್ಲ ಅಂತಾನ."

ಅದರ ಅರ್ಥ ನನಗೆ ಗೊತ್ತು. ಗಾಡಿಯ ಕಟ್ಟಕಡೆಯ ಡಬ್ಬಿಯ ಹಿಂದೆ ಒಂದು ಸಣ್ಣ ಹಲಗೆ ತೂಗುತ್ತದೆ, ಎಲ್.ವಿ. ಎಂದು ಎರಡಕ್ಷರ, ಲಾಸ್ಟ್ ವೆಹಿಕಲ್ ಅಂತ. ಗಾಡಿ ಸ್ಟೇಷನ್ ದಾಟುವಾಗ ಅಲ್ಲಿಯವರು ಎಂಜಿನ್ ನೋಡುವುದಿಲ್ಲ, ಆ ಹಲಗೆ ನೋಡುತ್ತಾರೆ. ಹಲಗೆ ಕಂಡರೆ ಗಾಡಿ ಪೂರ್ತಿ ಬಂತು. ಕಾಣದಿದ್ದರೆ ಎಲ್ಲೋ ನಡುವೆ ಕಡಿದು, ಅರ್ಧ ಗಾಡಿ ದಾರಿಯಲ್ಲೇ ನಿಂತಿದೆ ಎಂದು ಅರ್ಥ. ಹಿಂದಿನ ಗಾಡಿಯನ್ನು ಬಿಡುವ ಹಾಗಿಲ್ಲ. ಇಸ್ಮಾಯಿಲಸಾಬ ಇದನ್ನು ನನಗೆ ನೂರು ಸಲ ಹೇಳಿದ್ದಾನೆ.

ಕೊಡುತ್ತೇನೆ. ಆದರೆ ಎಂಥ ಅಕ್ಷರ ಬರೆದು ಕೊಡುತ್ತೇನೆಂದರೆ, ಅದಕ್ಕೆ ಬೆರಳು ತಾಗಿಸಲೂ ಅವನಿಗೆ ನಾಚಿಕೆ ಆಗಬೇಕು.

೫ ಡಿಸೆಂಬರ್, ಗುರುವಾರ

ಗಾರ್ಡ್ ಡಬ್ಬಿಗೆ ಕೆಂಪುಗಂದು ಬಣ್ಣ ಎರಡು ಸಲ ಹೊಡೆದಾಯಿತು. ಎಂಥ ಕೆಲಸ ಮಾಡಿದ್ದಾನೆ ಮಾರಾಯ! ಎರಡೂ ಕಡೆ ಕಟಾಂಜನದ ಸಣ್ಣ ಪಡಸಾಲೆ, ಒಳಗೆ ಒಂದೇ ಒಂದು ಕುರ್ಚಿ. ಇಂಥದೇ ಡಬ್ಬಿಯಲ್ಲಿ ಒಬ್ಬನೇ ಕೂತು ಬಳ್ಳಾರಿಯಿಂದ ಹುಬ್ಬಳ್ಳಿಗೆ ಹೋಗಿ ಬರುತ್ತಿದ್ದ. ಐವತ್ತು ಡಬ್ಬಿ ಮುಂದೆ ಡ್ರೈವರ್, ಇವನ ಹಿಂದೆ ಬರೀ ಹಳಿ. "ಮಾತಾಡಾಕ ಮಂದಿ ಇಲ್ಲದ ನೌಕರಿ, ಅದಕ್ಕ ನಿನ್ನ ಕಡೆ ಬಂದು ಇಷ್ಟ ಮಾತಾಡ್ತೀನಿ" ಎನ್ನುತ್ತಿದ್ದ.

ಮಧ್ಯಾಹ್ನ ಬರೆಯಲು ಕೂತೆ. ಮೊದಲ ಅಕ್ಷರದ ಗೆರೆ ಹಾವಿನ ಹಾಗೆ ಹರಿಯಿತು. ಒರೆಸಿದೆ. ಮತ್ತೆ ಹಾಗೆಯೇ. ಕೆಳಗಿನ ಪಾವರ್ ಲೂಮಿನದೇ ಕಾಟ. ಆರು ಮಗ್ಗ ಒಟ್ಟಿಗೆ ಬಡಿದರೆ ನೆಲ, ಮೇಜು, ಬ್ರಷ್ಷು ಎಲ್ಲ ನಡುಗುತ್ತವೆ. ಇಳಿದು ಹೋಗಿ ಬನಶಂಕರೆವ್ವನಿಗೆ ಹೇಳಿದೆ. ಮಗ್ಗ ಅವಳ ಮಗ ಸುನಿಲಕುಮಾರನದು, ಮನೆ ಅವಳದು.

"ಇಪ್ಪತ್ತೆರಡ ವರ್ಷ ಇಲ್ಲೇ ಕುಂತು ಬರದಿ. ಈಗ ನೆಲ ಡೊಂಕಾತೇನು?" ಎಂದಳು ಮುದುಕಿ.

"ಹೊಸ ಮಗ್ಗ ಜೋರು ಬಡೀತಾವು" ಎಂದೆ.

"ಹೊಸಾವು ಎಲ್ಲಿ ಬಂದಾವು, ಪುಂಡಲೀಕಪ್ಪ?" ಎಂದು ನನ್ನ ಕೈಯನ್ನೇ ನೋಡಿದಳು. ಆಮೇಲೆ ಸಾರು ಕೊಟ್ಟಳು. ಮೊದಲೆಲ್ಲ ತೆರೆದ ಬಟ್ಟಲು, ವಾಟಗದಲ್ಲಿ ಕೊಡುತ್ತಿದ್ದಳು, ಈಗೀಗ ಮುಚ್ಚಳ ತಿರುಗಿಸುವ ಡಬ್ಬಿಯಲ್ಲಿ ಕೊಡುತ್ತಾಳೆ. ಆ ಮುಚ್ಚಳ ತೆಗೆಯುವುದೇ ಒಂದು ಕುಸ್ತಿ.

ಅಮಾವಾಸ್ಯೆಗೆ ನೇಕಾರರು ಮಗ್ಗ ಮುಟ್ಟುವುದಿಲ್ಲ. ಮೊನ್ನೆ ಭಾನುವಾರದ ಅಮಾವಾಸ್ಯೆ ಹೋಯಿತು, ಬಣ್ಣ ಆರಿರಲಿಲ್ಲ. ಇನ್ನು ಎಳ್ಳಮವಾಸ್ಯೆ. ಅವತ್ತು ಮನೆ ಅಲುಗುವುದಿಲ್ಲ. ಒಂದೇ ಸಲ ಕೂತು ಬರೆದು ಮುಗಿಸುತ್ತೇನೆ.

೧೭ ಡಿಸೆಂಬರ್, ಮಂಗಳವಾರ

ಹೊಸ ಅಂಗಿ ತಂದದ್ದು ಉಪಯೋಗಕ್ಕೆ ಬರಲಿಲ್ಲ. ಈಗಿನವರು ಗುಂಡಿಯನ್ನು ಇಷ್ಟು ಸಣ್ಣ ಮಾಡುತ್ತಾರೆ, ತೂತು ಇನ್ನೂ ಸಣ್ಣದು. ತಲೆಯ ಮೇಲಿಂದ ಹಾಕುವ ಬನಿಯನ್ ಥರದ ಅಂಗಿಯೇ ವಾಸಿ.

ಅಳಿಲಿನ ಕೂದಲಿನ ಬ್ರಷ್ಷೂ ಹಾಳಾಗಿದೆ. ಹುಬ್ಬಳ್ಳಿಯಿಂದ ತರಿಸಿದ ಹೊಸದರಲ್ಲೂ ಜೀವ ಇಲ್ಲ. ಈ ಪುಸ್ತಕದ ಕಾಗದವೂ ಸರಿಯಿಲ್ಲ, ಪೆನ್ನು ಜಾರುತ್ತದೆ. ಮೊದಲ ಹಾಳೆಯ ಇಸ್ಮಾಯಿಲಸಾಬನ ಅಕ್ಷರಕ್ಕೂ ಈ ಹಾಳೆಯ ನನ್ನ ಅಕ್ಷರಕ್ಕೂ ಈಗ ಭಾಳ ಫರಕಿಲ್ಲ.

ಸಂಜೆ ಸ್ಟೇಷನ್ನಿಗೆ ಹೋಗಿ ಪ್ಲಾಟ್‌ಫಾರ್ಮಿನ ತುದಿಯಲ್ಲಿ ಕೂತಿದ್ದೆ. ಅದಿರಿನ ಖಾಲಿ ಗಾಡಿಯೊಂದು ಹೋಯಿತು. ಐವತ್ತೆಂಟು ಡಬ್ಬಿ, ಹಿಂದೆ ಗಾರ್ಡ್ ಡಬ್ಬಿ, ಹಲಗೆ ಸರಿಯಾಗಿತ್ತು. ಗಾರ್ಡ್ ನನ್ನ ಕಡೆ ನೋಡಿ ಸುಮ್ಮನೆ ಕೈ ಎತ್ತಿದ. ಯಾರೋ ಏನೋ. ನಾನೂ ಎತ್ತಿದೆ. ಇವತ್ತು ಇಡೀ ದಿನ ನನ್ನ ಜೊತೆ ಆದ ಮಾತು ಅದೊಂದೇ.

೩೦ ಡಿಸೆಂಬರ್, ಸೋಮವಾರ

ಎಳ್ಳಮವಾಸ್ಯೆ. ಎಲ್ಲರೂ ಬುತ್ತಿ ಕಟ್ಟಿಕೊಂಡು ಹೊಲಗಳಿಗೆ ಹೋಗಿದ್ದಾರೆ. ಮಗ್ಗ ನಿಂತಿವೆ. ಮನೆಯಲ್ಲಿ ಒಂದು ಸೂಜಿ ಅಲುಗುವುದಿಲ್ಲ.

ಬರೆಯಲು ಕೂತೆ.

ಮೇಜು ಅಲುಗಲಿಲ್ಲ. ನೆಲ ಅಲುಗಲಿಲ್ಲ.

೩೧ ಡಿಸೆಂಬರ್, ಮಂಗಳವಾರ

ಏನೂ ಬರೆಯಲಿಲ್ಲ.

೧೪ ಜನವರಿ ೨೦೨೫, ಮಂಗಳವಾರ

ಸಂಕ್ರಮಣ. ಬನಶಂಕರೆವ್ವ ಎಳ್ಳುಹೋಳಿಗೆ, ಮಾದೇಲಿ ಕಳಿಸಿದ್ದಳು. ತಿಂದು ಕೂತಾಗ ಒಂದು ಹಂಚಿಕೆ ಹೊಳೆಯಿತು. ಚಿಕ್ಕಂದಿನಲ್ಲಿ ಅಕ್ಷರ ಕೆಟ್ಟರೆ ನಮ್ಮ ಮಾಸ್ತರರು ಒಳ್ಳೆಯ ಸಾಲೊಂದನ್ನು ಮೇಲೆ ಬರೆದುಕೊಟ್ಟು, ಅದನ್ನು ನೋಡಿ ತಿದ್ದು ಎನ್ನುತ್ತಿದ್ದರು. ನನ್ನದೇ ಕೈಯ ಒಳ್ಳೆಯ ಸಾಲು ಮುಂದಿಟ್ಟುಕೊಂಡರೆ ಕೈಗೆ ನೆನಪು ಬರಬಹುದು. ನಾನು ಕೊನೆಗೆ ಬರೆದದ್ದು ಮೂವತ್ತೆಂಟನೆಯ ಡಬ್ಬಿ. ಅದು ನನ್ನ ಪೂರ್ತಿ ಪಳಗಿದ ಕೈ.

ಕಾಗದ ಬಿಚ್ಚಿದೆ. ಹತ್ತಿಗೆ ಸ್ವಲ್ಪ ಸೀಮೆಎಣ್ಣೆ ಹಚ್ಚಿ ಹೊಲಸು ತೆಗೆಯುತ್ತ ಹೋದೆ. ಮೂಲೆಗಳಲ್ಲಿ, ಬಾಗಿಲಲ್ಲಿ ತೆಳ್ಳಗೆ ಒರೆಸಿದ್ದ, ಅದು ಒಂದೇ ಸಲಕ್ಕೆ ಹೋಯಿತು. ಅಕ್ಷರಗಳ ಮೇಲೆ ಮಾತ್ರ ದಪ್ಪ. ಅದರಲ್ಲೂ ನಂಬರಿನ ಮೇಲೆ, ಎರಡು ಸಲ ಹಚ್ಚಿದ ಹಾಗೆ.

ನಂಬರು ಕಂಡಿತು. ಅದರ ಮೂರನೆಯ ಅಂಕಿಯಿಂದ ಎಲ್ಲ ಸೊಟ್ಟ. ಗೆರೆಗಳು ನಡುಗಿವೆ. ಎಳ್ಳಮವಾಸ್ಯೆಯ ದಿನ ಗಾರ್ಡ್ ಡಬ್ಬಿಯ ಮೇಲೆ ನಡುಗಿದ ಹಾಗೆಯೇ.

ಹೋಳಿಗೂ ಮುಂಚೆ ಬರೆದದ್ದು ಇದು.

೧೫ ಜನವರಿ, ಬುಧವಾರ

ರಾತ್ರಿಯ ದೀಪದಲ್ಲಿ ಬರೆದ ನನಗೆ ಅದು ಕಂಡಿರಲಿಲ್ಲ. ಅವನು ನನಗಿಂತ ಮೊದಲು ನೋಡಿದ್ದ. ನಾನು ಚಹಾ ತರಲು ಕೆಳಗೆ ಇಳಿದಷ್ಟು ಹೊತ್ತಿನಲ್ಲಿ ನೋಡಿದ್ದ. ನನಗೆ ಕಾಣುವ ಮುಂಚೆ ಮುಚ್ಚಿಬಿಡೋಣ ಎಂದು ಸಿಕ್ಕಿದ ಇಟ್ಟಿಗೆ ಪುಡಿ, ಮಸಿ ಹಚ್ಚಿದ. ಕೇಳಿದಾಗ ವ್ಯಾಗನ್ ಅಂದ್ರ ಹೊಲಸ ಇರಬೇಕು ಎಂದ. ಹನ್ನೊಂದು ವರ್ಷ ಒಂದು ಡಬ್ಬಿಗೂ ಹೊಲಸು ಹಚ್ಚದವನು.

ಅಂಥವನಿಗೆ ನಾನು ಏನೆಂದೆ? ಅಕ್ಷರದ ಕಿಮ್ಮತ್ತು ನಿನಗೇನ ಗೊತ್ತು ಎಂದೆ. ಅವನು ಬೈಸಿಕೊಂಡ. ಹತ್ತೊಂಬತ್ತು ಡಬ್ಬಿ ಎಣಿಸಿಕೊಂಡು ಟೆಂಪೊ ಹತ್ತಿದ. ಆಗಲೂ ಬಾಯಿ ಬಿಡಲಿಲ್ಲ.

ಇವತ್ತು ಅತ್ತೆ. ಅರವತ್ತೊಂದು ವರ್ಷದ ಗಂಡಸು ಒಬ್ಬನೇ ಅಟ್ಟದಲ್ಲಿ ಕೂತು ಅತ್ತೆ ಎಂದು ಬರೆಯಲು ನಾಚಿಕೆ ಆಗುತ್ತದೆ. ಓದುವವರು ಯಾರಿದ್ದಾರೆ? ಬರೆದಿದ್ದೇನೆ.

೨೧ ಜನವರಿ, ಮಂಗಳವಾರ

ಬನಶಂಕರೆವ್ವ ತಾನೇ ಆಟೊ ಕರೆಸಿ ನನ್ನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. "ನಾ ಹೇಳಿ ಹೇಳಿ ಸಾಕಾತು, ಇನ್ನ ನೀ ಸುಮ್ನ ಕುಂಡ್ರು" ಎಂದಳು. ಡಾಕ್ಟರು ಬೆರಳು ಚಾಚಿಸಿದರು, ನಡೆಸಿದರು, ಒಂದು ಸಾಲು ಬರೆಸಿದರು. ಗುಳಿಗೆ ಕೊಟ್ಟಿದ್ದಾರೆ. ಕೈ ನಡುಕ ಸ್ವಲ್ಪ ಕಡಿಮೆ ಆಗುತ್ತದಂತೆ, ಪೂರ್ತಿ ಹೋಗುವುದಿಲ್ಲವಂತೆ. ಅವರು ಬರೆದುಕೊಟ್ಟ ಚೀಟಿಯ ಅಕ್ಷರ ನನ್ನದಕ್ಕಿಂತ ಕೆಟ್ಟದಾಗಿತ್ತು. ಅವರ ಕೈಗೆ ಏನೂ ಆಗಿಲ್ಲ.

ಬರುವಾಗ ಕಳಕಪ್ಪನಲ್ಲಿ ಅರ್ಧ ಕಪ್ಪು ಕುಡಿದೆ. ಇನ್ನರ್ಧ ಹಾಕಿದ. ಒಂದು ಹನಿಯೂ ಚೆಲ್ಲಲಿಲ್ಲ.

೨೭ ಜನವರಿ, ಸೋಮವಾರ

ಗಾರ್ಡ್ ಡಬ್ಬಿಗೆ ಬರೆದೆ. ಮಗ್ಗ ಬಡಿಯುತ್ತಿರುವಾಗಲೇ ಕೂತು ಬರೆದೆ. ಒರೆಸಲಿಲ್ಲ. ರೈಲ್ವೆಯ ಹೆಸರು ಬಂತು, ನಂಬರು ಬಂತು, ದುರಸ್ತಿಯ ತಾರೀಖೂ ಬಂತು. ಓದಲು ಬರುತ್ತದೆ. ಚೆಂದ ಇಲ್ಲ.

ಇದನ್ನೇ ತೆಗೆದುಕೊಂಡು ಹೋಗುತ್ತೇನೆ.

೩೧ ಜನವರಿ, ಶುಕ್ರವಾರ

ಮುಂಡರಗಿಯಿಂದ ಈಗ ಬಂದೆ. ಗುಳಿಗೆ ನುಂಗಿ ಬರೆಯುತ್ತಿದ್ದೇನೆ.

ಬಸ್ಸಿನಲ್ಲಿ ಡಬ್ಬಿಯ ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಪಕ್ಕದಲ್ಲಿ ಕೊರ್ಲಹಳ್ಳಿಗೆ ಹೊರಟ ಹೆಣ್ಣುಮಗಳು ಮೊಸರಿನ ಗಡಿಗೆ ಹಿಡಿದು ಕೂತಿದ್ದಳು. ಆ ರಸ್ತೆಯಲ್ಲಿ ಬಸ್ಸು ಹೋಗುವ ರೀತಿಗೆ ಅವಳ ಕೈ, ಕಂಡಕ್ಟರನ ಕೈ, ನನ್ನ ಕೈ ಎಲ್ಲವೂ ಒಂದೇ ಸಮ ನಡುಗುತ್ತಿದ್ದವು. ಎಷ್ಟೋ ದಿನಗಳ ಮೇಲೆ ಕೈಯನ್ನು ಕಿಸೆಯಲ್ಲಿ ಮುಚ್ಚಿಡದೆ ಕೂತಿದ್ದೆ.

ಇಸ್ಮಾಯಿಲಸಾಬ ಜುಮ್ಮಾ ನಮಾಜು ಮುಗಿಸಿ ಆಗಷ್ಟೇ ಬಂದಿದ್ದ. ಪಡಸಾಲೆಯಲ್ಲಿ ಉದ್ದ ಹಲಗೆಯ ಮೇಲೆ ಹತ್ತೊಂಬತ್ತು ಡಬ್ಬಿ ಸಾಲಾಗಿ ನಿಂತಿದ್ದವು. ಒಂದಕ್ಕೂ ಧೂಳು ಹಚ್ಚಿಲ್ಲ. ಕೂತ ಧೂಳನ್ನೂ ದಿನಾ ಒರೆಸುತ್ತಾನೆ ಎಂದು ಅವನ ಸೊಸೆ ಹೇಳಿದಳು.

"ಬಾ" ಎಂದ. ಇಷ್ಟೇ.

ಚಹಾ ಬಂತು. ಅವನೇ ಬಗ್ಗಿಸಿದ. ನನಗೂ ಅರ್ಧ, ತನಗೂ ಅರ್ಧ. "ಗಾರ್ಡ್ ಡಬ್ಬ್ಯಾಗ ತುಂಬಿದ ಕಪ್ಪು ಯಾರೂ ಕುಡಿಯೂದಿಲ್ಲ, ನನಗ ಅದ ರೂಢಿ" ಎಂದ. ಹನ್ನೊಂದು ವರ್ಷ ನನ್ನ ಖೋಲಿಯಲ್ಲಿ ತುಂಬಿದ ಕಪ್ಪು ಕುಡಿದವನು. ನಾನೂ ನನ್ನ ಅರ್ಧ ಕುಡಿದೆ.

ಪೆಟ್ಟಿಗೆ ಬಿಚ್ಚಿ ಡಬ್ಬಿ ಅವನ ಕೈಗೆ ಕೊಟ್ಟೆ. ಚಷ್ಮಾ ಏರಿಸಿ ನೋಡಿದ. ಒಂದು ಮಗ್ಗುಲು ನೋಡಿ, ತಿರುಗಿಸಿ ಇನ್ನೊಂದು ಮಗ್ಗುಲು ನೋಡಿದ. ಬಹಳ ಹೊತ್ತು ಹಿಡಿಯಿತು.

"ಆ ಮೂವತ್ತೆಂಟನೇದ್ದ ತೊಳದೇನು?" ಎಂದ.

"ತೊಳದೆ."

ಅವನು ತಲೆ ಕೆಳಗೆ ಹಾಕಿದ. ತಪ್ಪು ಮಾಡಿ ಸಿಕ್ಕಿಬಿದ್ದವನ ಹಾಗೆ.

"ನನಗ ಹೇಳಬೇಕಾಗಿತ್ತು ನೀನು" ಎಂದೆ.

"ಹೆಂಗ ಹೇಳಲಿ? ನಿನ್ನ ಕೈ ಹೋತು ಅಂತ ನಿನ್ನ ಮುಂದ ಹೆಂಗ ಹೇಳಲಿ? ಅದಕ್ಕಿಂತ ಬೈಸಿಕೊಳ್ಳೂದ ಹಗುರ ಅನಿಸ್ತು."

"ಇದಕ್ಕೂ ಹಚ್ಚಿಬಿಡು. ಇಟ್ಟಿಗಿ ಪುಡಿ ಎಲ್ಲೈತಿ?"

"ಇದಕ್ಕ ಬ್ಯಾಡ" ಎಂದ. ಎದ್ದು ಒಳಗೆ ಹೋಗಿ ಟ್ರಂಕಿನಿಂದ ಹಳೇ ಪುಸ್ತಕವೊಂದನ್ನು ತಂದ. ನೌಕರಿಯಲ್ಲಿದ್ದಾಗ ಪ್ರತಿ ಸ್ಟೇಷನ್ನಿನಲ್ಲಿ ಗಾಡಿ ಎಷ್ಟು ಹೊತ್ತಿಗೆ ಬಂತು, ಎಷ್ಟು ಹೊತ್ತಿಗೆ ಹೋಯಿತು ಎಂದು ಬರೆದಿಟ್ಟದ್ದು. ತೆರೆದು ತೋರಿಸಿದ. ಹಾಳೆಯ ತುಂಬ ಅದೇ ನಡುಗುವ ಗೆರೆ, ಸೊಟ್ಟ ಅಂಕಿ.

"ನಾನೂ ಸಾಲ್ಯಾಗ ದುಂಡಗ ಬರೀತಿದ್ದೆ. ಓಡೂ ಗಾಡ್ಯಾಗ ಎಲ್ಲಾ ಡಬ್ಬಿಗಿಂತ ಹೆಚ್ಚ ಕುಣಿಯೂದು ಹಿಂದಿನ ಡಬ್ಬಿ. ಅದರಾಗ ಕುಂತು ಮೂವತ್ತ ವರ್ಷ ಬರದೆ, ಕೈ ಅದಕ್ಕ ಹೊಂದಿಕೊಂಡ್ತು. ಗಾರ್ಡ್ ಡಬ್ಬಿಯ ಅಕ್ಷರ ಹಿಂಗ ಇರೂದು. ನೀ ಬರದದ್ದು ಬರೋಬರ್ ಐತಿ."

ಅವನ ಅಕ್ಷರಕ್ಕೆ ಹನ್ನೊಂದು ವರ್ಷ ನಕ್ಕಿದ್ದೆ. ಒಂದು ದಿನವೂ ಯಾಕೆ ಹೀಗೆ ಎಂದು ಕೇಳಿರಲಿಲ್ಲ.

ಆಮೇಲೆ ಅವನು ಕಿಸೆಯಿಂದ ಉಗುರಿನಷ್ಟು ಹಲಗೆ ತೆಗೆದ. ಹಳದಿ ಬಣ್ಣ ಹಚ್ಚಿ, ಮೇಲೆ ತೂತು ಕೊರೆದು ಸಿದ್ಧ ಮಾಡಿಟ್ಟಿದ್ದ, ಎರಡಕ್ಷರ ಮಾತ್ರ ಬಾಕಿ. ನನಗಾಗಿ ಕಾದಿತ್ತು. ಬ್ರಷ್ ಕೊಟ್ಟ. ನಾನು ಆಗುವುದಿಲ್ಲ ಎಂದೆ.

"ನೀ ಬ್ರಷ್ ಹಿಡಿ, ನಾ ಹಲಗಿ ಹಿಡೀತೀನಿ" ಎಂದ.

ನನ್ನ ಕೈ ಅಲುಗಿದ ಕಡೆ ಅವನು ಹಲಗೆಯನ್ನೂ ಅಲುಗಿಸುತ್ತಿದ್ದ. ಓಡುವ ಗಾಡಿಯಲ್ಲಿ ಪುಸ್ತಕ ಹಿಡಿದು ರೂಢಿಯಾದ ಕೈ. ಎರಡಕ್ಷರಕ್ಕೆ ಕಾಲು ತಾಸು ಹಿಡಿಯಿತು. ನೆಟ್ಟಗೆ ಬರಲಿಲ್ಲ. ಆದರೆ ಪಡಸಾಲೆಯ ಆ ತುದಿಗೆ ನಿಂತು ನೋಡಿದರೂ ಎಲ್.ವಿ. ಎಂದು ಓದಲು ಬರುತ್ತಿತ್ತು.

ಗಾರ್ಡ್ ಡಬ್ಬಿಯನ್ನು ಸಾಲಿನ ಕೊನೆಗೆ ಕೊಂಡಿ ಹಾಕಿ, ಹಲಗೆ ತೂಗುಬಿಟ್ಟ. ಇಬ್ಬರೂ ನಿಂತು ನೋಡಿದೆವು. ಅವನು ಮುಂದಿನಿಂದ ಒಂದೊಂದೇ ಡಬ್ಬಿ ಬೆರಳಿಟ್ಟು ಎಣಿಸುತ್ತ ಬಂದ. ಹತ್ತೊಂಬತ್ತಕ್ಕೆ ನಿಂತ.

"ನಿನ್ನಾವು ಎಲ್ಲೆ ಅದಾವು?"

"ಬೆಟಗೇರ್ಯಾಗ, ನನ್ನ ಖೋಲ್ಯಾಗ."

"ಹಂಗಾರ ಗಾಡಿ ಪೂರಾ ಬಂದಿಲ್ಲ. ಅರ್ಧ ಗಾಡಿ ದಾರ್ಯಾಗ ಐತಿ" ಎಂದು ಹಲಗೆ ಬಿಚ್ಚಿ, ಬಣ್ಣ ಹಸಿ ಇದ್ದದ್ದರಿಂದ ಅಂಚು ಹಿಡಿದು ಬೆಂಕಿಪೊಟ್ಟಣದಲ್ಲಿ ಇಟ್ಟು ನನ್ನ ಕೈಗೆ ಕೊಟ್ಟ. "ಉಳಿದದ್ದ ತರೂತನ ಇದು ನಿನ್ನ ಕಡೆ ಇರಲಿ. ನಾ ಮೂವತ್ತ ವರ್ಷ ಸುಳ್ಳ ಬೋರ್ಡ ಹಾಕಿಲ್ಲ."

ಬೆಂಕಿಪೊಟ್ಟಣ ಮೇಜಿನ ಮೇಲಿದೆ. ಭಾನುವಾರ ಬೆಳಿಗ್ಗೆ ಮಾಶಾಕ ಟೆಂಪೊ ತರುತ್ತಾನೆ. ನಾಳೆ ಹತ್ತೊಂಬತ್ತು ಡಬ್ಬಿಗೂ ಕಾಗದ ಸುತ್ತಬೇಕು. ಕಟ್ಟುವಾಗ ದಾರ ಹಿಡಿಯಲು ಬನಶಂಕರೆವ್ವನನ್ನು ಕರೆಯುತ್ತೇನೆ.